ಗೂಡಿನ ಎತ್ತರ

ಬೇಸಿಗೆಯಲ್ಲಿ ಹೊಂಡದ ನೀರು ತಳ ಕಂಡಾಗ, ಯಾರ ಗೂಡು ಎತ್ತರದಲ್ಲಿದೆಯೋ ಅವರೇ ಮೊದಲು ಕುಡಿಯಬೇಕೆಂದು ಹಕ್ಕಿಗಳು ನಿಯಮ ಮಾಡಿದವು. ಅಳೆಯುವ ಕೆಲಸ ಮರಕುಟಿಗನ ಪಾಲಿಗೆ ಬಂತು. ಅವನು ಪ್ರಾಮಾಣಿಕ. ಒಂದು ಕೊಕ್ಕಿನಷ್ಟೂ ತಪ್ಪದಂತೆ ಅಳೆದು, ಆಲದ ಕಾಂಡದ ಮೇಲೆ ಗುರುತು ಕುಟ್ಟುತ್ತಿದ್ದ. ಗೌಜಲಕ್ಕಿಯ ಗೂಡು ಮಾತ್ರ ಅದೇ ಆಲದ ಬುಡದ ಪೊದೆಯಡಿ, ಬರಿ ನೆಲದ ಮೇಲಿತ್ತು.

"ನಿನ್ನದು ಸೊನ್ನೆ, ತಾಯಿ. ಸರದಿ ಕೊನೆಗೆ," ಎಂದ ಮರಕುಟಿಗ.

"ಅಲ್ಲಿಯತನಕ ಮರಿಗಳು ತಾಳಲಾರವು, ಅಣ್ಣ."

"ನಿಯಮದಲ್ಲಿ ಮರಿಗಳ ಮಾತಿಲ್ಲ."

ಮೇಲಿನ ಕೊಂಬೆಯಿಂದ ಹದ್ದು ನಕ್ಕ. "ನೆಲ ಅಳೆಯಲು ಇಷ್ಟು ಹೊತ್ತೇನಯ್ಯಾ?"

ನಾಲ್ಕನೆಯ ದಿನ ಮರಕುಟಿಗ ತನ್ನ ಅಳತೆಯನ್ನು ಇನ್ನೊಮ್ಮೆ ಸರಿನೋಡಲು ಬಂದ. ಗೂಡು ಬರಿದಾಗಿತ್ತು.

"ಮರಿಗಳೆಲ್ಲಿ?"

ಗೌಜಲಕ್ಕಿ ಪಕ್ಕದ ಪುಟ್ಟ ಗುಂಡಿಯನ್ನು ತೋರಿಸಿದಳು. "ಇಲ್ಲಿ ಮಣ್ಣು ಮಾಡುತ್ತಿದ್ದೇನೆ. ಅಂದು ಎತ್ತರ ಅಳೆದಿರಲ್ಲ ಅಣ್ಣ, ಮುಚ್ಚುವ ಮುಂಚೆ ಇದರ ಆಳವನ್ನೂ ಅಳೆದುಬಿಡಿ."

ಮರಕುಟಿಗ ತಲೆ ತಗ್ಗಿಸಿ ಅಳೆದ. ಗುಂಡಿ ಒಂದು ಕೊಕ್ಕಿನಷ್ಟೂ ಆಳವಿರಲಿಲ್ಲ. ಆದರೂ ಅದಕ್ಕೆ ಯಾವ ಗುರುತು ಕುಟ್ಟಬೇಕೆಂದು ತಿಳಿಯದೆ, ಅವನು ಆಲದ ಕಾಂಡಕ್ಕೆ ಕೊಕ್ಕು ಊರಿ ಸಂಜೆಯವರೆಗೂ ಕುಳಿತಿದ್ದ.