ಮೂರು ಗಡಿಗೆಗಳ ಪಂದ್ಯ

"ಬಿಲ್ಲು ಹಿಡಿಯಲು ಬಾರದವನಿಗೆ ಈ ಆಸ್ಥಾನದಲ್ಲಿ ಏನು ಕೆಲಸ, ಪ್ರಭು? ಬರೀ ಮಾತಾಡಿಕೊಂಡು ಅರಮನೆಯ ಅನ್ನ ತಿನ್ನುವವರನ್ನು ಮೊದಲು ಆಚೆಗೆ ಕಳಿಸಿ!"

ಕರಿಗುಡ್ಡದ ದೊರೆ ರಂಗಪ್ಪನಾಯಕನ ತುಂಬಿದ ಸಭೆಯಲ್ಲಿ ಹೀಗೆ ಗುಡುಗಿದವನು ಬಿಲ್ಲಾಳು ಕೆಂಚಣ್ಣ. ಅವನ ಬಾಣ ಗುರಿ ತಪ್ಪಿದ್ದನ್ನು ಕಂಡವರಿಲ್ಲ. ಮಾತು ಯಾರ ಮೇಲೆಂದು ಎಲ್ಲರಿಗೂ ಗೊತ್ತಾಯಿತು. ಹಿಂದಿನ ದಿನವಷ್ಟೇ ಆಸ್ಥಾನದ ಮಾತುಗಾರ ಸಿಂಗಳಯ್ಯ ಅವನ ಮೀಸೆಯನ್ನು ಆಡಿಕೊಂಡು ದೊರೆಯನ್ನು ನಗಿಸಿದ್ದ.

ದೊರೆಗೂ ಮೋಜು ಬೇಕಾಗಿತ್ತು.

"ಆಗಲಿ, ನಾಳೆ ಪಂದ್ಯ. ಕೆಂಚಣ್ಣ, ಭರಮಣ್ಣ, ಸಿಂಗಳಯ್ಯ, ಮೂವರ ಹೆಸರಿನಲ್ಲಿ ಕಂಬದ ಮೇಲೆ ಒಂದೊಂದು ಗಡಿಗೆ. ಸರದಿಗೆ ಒಂದೇ ಬಾಣ, ಉಳಿದಿಬ್ಬರಲ್ಲಿ ಯಾರ ಗಡಿಗೆಗಾದರೂ ಸರಿ. ಯಾರ ಗಡಿಗೆ ಒಡೆಯಿತೋ ಅವನು ಪಂದ್ಯದಿಂದ ಹೊರಗೆ. ಕೊನೆಗೆ ಉಳಿದವನಿಗೆ ಈ ಚಿನ್ನದ ಕಡಗ. ಮೊದಲು ಸೋತವನು ಆಸ್ಥಾನವನ್ನೇ ಬಿಡಬೇಕು."

ಇನ್ನೊಬ್ಬ ಬಿಲ್ಲಾಳು ಭರಮಣ್ಣನೂ ಸಾಮಾನ್ಯನಲ್ಲ, ಹತ್ತು ಬಾಣಕ್ಕೆ ಎಂಟು ಗುರಿ ಮುಟ್ಟಿಸುವವನು. ಸಿಂಗಳಯ್ಯನಿಗೋ ಬಿಲ್ಲಿನ ಮೇಲು ಯಾವುದು ಕೆಳಗು ಯಾವುದು ಎಂಬುದೇ ತಿಳಿಯದು.

ಸಂಜೆ ಮನೆಗೆ ಬಂದರೆ ಹೆಂಡತಿ ಅಕ್ಕಮ್ಮ ಅಳುತ್ತಾ ಪಾತ್ರೆ ಪಡಗಗಳನ್ನು ಗಂಟು ಕಟ್ಟುತ್ತಿದ್ದಳು.

"ಗಂಟು ಬಿಚ್ಚೇ, ನಾಳೆ ಅಡುಗೆಗೆ ಬೇಕು," ಎಂದ ಸಿಂಗಳಯ್ಯ.

ಬೆಳಿಗ್ಗೆ ಬಯಲಿನ ತುಂಬ ಜನ. ಕೆಂಚಣ್ಣ ಮೀಸೆ ತಿರುವಿದ. "ಪಾಪ, ಮೊದಲ ಬಾಣ ಸಿಂಗಳಯ್ಯನೇ ಬಿಡಲಿ. ಆಮೇಲೆ ಭರಮಣ್ಣ. ನಾನು ಕೊನೆಗೆ." ಅವನೂ ಭರಮಣ್ಣನೂ ಸೇರಿ ಮೊದಲು ಸಿಂಗಳಯ್ಯನ ಗಡಿಗೆಯನ್ನೇ ಒಡೆಯುವುದೆಂದು ಗುಟ್ಟಾಗಿ ಮಾತಾಡಿಕೊಂಡಿದ್ದರು.

ಸಿಂಗಳಯ್ಯ ಬಿಲ್ಲೆತ್ತಿ ನೇರ ಆಕಾಶಕ್ಕೆ ಬಾಣ ಬಿಟ್ಟ. ಜನ ಬಿದ್ದು ಬಿದ್ದು ನಕ್ಕರು.

ಬಿಲ್ಲು ಇಳಿಸಿ ಹಿಂದೆ ಸರಿಯುವಾಗ ಅವನು ಭರಮಣ್ಣನ ಕಿವಿಯ ಹತ್ತಿರ ಮೆಲ್ಲಗೆ ಕೇಳಿದ: "ಭರಮಣ್ಣನವರೇ, ನನ್ನ ಗಡಿಗೆ ಒಡೆದ ಮೇಲೆ ಸರದಿ ಯಾರದು?"

"ಕೆಂಚಣ್ಣನದು."

"ಆಗ ಅವರ ಎದುರಿಗೆ ಉಳಿಯುವುದು ಯಾರ ಗಡಿಗೆ?"

ಭರಮಣ್ಣ ತನ್ನ ಗಡಿಗೆಯತ್ತ ತಿರುಗಿ ನೋಡಿದ.

"ಅವರು ಯಾವತ್ತೂ ಗುರಿ ತಪ್ಪಿದವರಲ್ಲ. ಅದೇ ನೀವು ಅವರ ಗಡಿಗೆ ಒಡೆದರೆ, ಮುಂದಿನ ಬಾಣ ನನ್ನದು. ನನ್ನ ಬಾಣ ಎಲ್ಲಿಗೆ ಹೋಗುತ್ತದೆಂದು ಈಗಷ್ಟೇ ನೋಡಿದಿರಲ್ಲ!"

ಭರಮಣ್ಣ ಬಿಲ್ಲೆತ್ತಿದ. ಸಿಂಗಳಯ್ಯನ ಗಡಿಗೆಯ ಕಡೆ ನೋಡಿದ. ದೊರೆಯ ಕೈಯಲ್ಲಿದ್ದ ಕಡಗ ನೋಡಿದ. ಸರ್ರನೆ ತಿರುಗಿ ಬಾಣ ಬಿಟ್ಟ.

ಫಟ್! ಚೂರಾಗಿ ಬಿದ್ದದ್ದು ಕೆಂಚಣ್ಣನ ಗಡಿಗೆ.

ಮುಂದಿನದೆಲ್ಲ ಬೇಗ ಮುಗಿಯಿತು. ಸಿಂಗಳಯ್ಯನ ಎರಡನೆಯ ಬಾಣ ಅವನ ಕಾಲ ಬಳಿಯೇ ಬಿತ್ತು. ಭರಮಣ್ಣ ಅವನ ಗಡಿಗೆ ಒಡೆದು ಕಡಗ ತೊಟ್ಟ. ಸಿಂಗಳಯ್ಯ ಎರಡನೆಯವನಾಗಿ ಆಸ್ಥಾನದಲ್ಲಿ ಉಳಿದ. ಮೊದಲು ಸೋತವನು ಕೆಂಚಣ್ಣ, ಒಂದು ಬಾಣವನ್ನೂ ಬಿಡದೆ!

"ಇದು ಹೇಡಿತನ!" ಕೆಂಚಣ್ಣ ಸಿಂಗಳಯ್ಯನ ಮೇಲೆ ಕೆಂಡವಾದ. "ಗಂಡಸಾಗಿದ್ದರೆ ನೀನೇ ನನ್ನ ಗಡಿಗೆಗೆ ಗುರಿ ಇಡಬೇಕಿತ್ತು!"

"ಇಟ್ಟಿದ್ದು ನಿಮ್ಮ ಗಡಿಗೆಗೇ, ಕೆಂಚಣ್ಣನವರೇ," ಎಂದ ಸಿಂಗಳಯ್ಯ. "ನನ್ನ ಕೈ ನಡುಗುತ್ತದೆ ನೋಡಿ, ಅದಕ್ಕೇ ಭರಮಣ್ಣನವರ ಕೈಯಲ್ಲಿ ಹೊಡೆಸಿದೆ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ನಿಂತ ಮೇಲೆ ತನ್ನ ಹೆಗಲ ಶಾಲು ತೆಗೆದು ಸಿಂಗಳಯ್ಯನಿಗೆ ಹೊದಿಸಿದ. "ಇನ್ನೇನು ಬೇಕು, ಕೇಳು."

ತಲೆ ತಗ್ಗಿಸಿ ಹೊರಟಿದ್ದ ಕೆಂಚಣ್ಣನನ್ನು ನೋಡಿ ಸಿಂಗಳಯ್ಯ ಕೈಮುಗಿದ. "ಇವರನ್ನು ಇಲ್ಲೇ ಉಳಿಸಿಕೊಳ್ಳಿ, ಪ್ರಭು."

"ನಿನ್ನನ್ನೇ ಓಡಿಸಲು ಬಂದವನಲ್ಲವೇನೋ!"

"ಹೌದು. ಆದರೆ ಇವರು ಪಕ್ಕದ ಪಾಳೆಯಕ್ಕೆ ಸೇರಿ ಅಲ್ಲಿಂದ ಬಾಣ ಬಿಟ್ಟರೆ, ಬಾಣದ ಕಿವಿಯಲ್ಲಿ ಪಿಸುಗುಟ್ಟಲು ನನ್ನಿಂದಾಗದು."