ನಾರೆಪ್ಪ ನೀರು ಬಿಡದ ಗದ್ದೆ

ಬಹಳ ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬಾರದ ಕಾಲಕ್ಕೆ, ಒಂದೂರಲ್ಲಿ ದೊಡ್ಡದೊಂದು ಕೆರೆಯಿತ್ತು. ಆ ಕೆರೆಗೊಬ್ಬ ನೀರುಗಂಟಿ ಇದ್ದ, ನಾರೆಪ್ಪ ಅಂತ. ತೂಬು ತೆಗೆದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚುವವನು ಅವನೇ. ಏರಿಗೆ ಕಿವಿಯಿಟ್ಟರೆ ಸಾಕು, ಇನ್ನೆಷ್ಟು ದಿನದ ನೀರಿದೆ ಅಂತ ಹೇಳುತ್ತಿದ್ದನಂತೆ. ಅವನು ಕೆಮ್ಮಿದರೆ ನೀರು ಕದಿಯಲು ಬಂದವನು ಗುದ್ದಲಿ ಬಿಟ್ಟು ಓಡುತ್ತಿದ್ದನಂತೆ. ಅವನು ಕೆರೆಗಿಳಿದರೆ ಮೀನುಗಳೂ ದಾರಿ ಬಿಡುತ್ತಿದ್ದವಂತೆ. ಅದನ್ನು ಮಾತ್ರ ನಾನು ನಂಬುವುದಿಲ್ಲ, ನೀವು ಬೇಕಾದರೆ ನಂಬಿ.

ನೀರುಗಂಟಿಗೆ ಆ ಕೆರೆಯ ಕೆಳಗೆ ಗದ್ದೆ ಇರಕೂಡದು, ಅದು ಆಗಿನ ಕಟ್ಟಳೆ. ಗದ್ದೆ ಇದ್ದರೆ ಕೈ ತನ್ನ ಕಡೆಗೇ ಬಾಗುತ್ತದಲ್ಲ! ಸುಗ್ಗಿಯಲ್ಲಿ ಊರವರು ಕೊಡುವ ಕಾಳೇ ಅವನ ಅನ್ನ. ನಾರೆಪ್ಪನಿಗೆ ಅದೇ ಹೆಮ್ಮೆ. ಮಗ ಪಿಳ್ಳಪ್ಪನಿಗೆ ಅದು ಸೇರದು. ಇನ್ನೊಬ್ಬರ ಕಣದಲ್ಲಿ ಕೈಯೊಡ್ಡಿ ನಿಲ್ಲಲಾರೆ, ನಾನು ಬೆಳೆದದ್ದನ್ನೇ ಉಣ್ಣುತ್ತೇನೆ ಅಂತ ಹಠ ಹಿಡಿದ. ಮದುವೆಯಾಗಿ ಬೇರೆ ಒಲೆ ಹೂಡಿದ. ಊರವರನ್ನು ಒಪ್ಪಿಸಿ, ಕಾಲುವೆ ಪಕ್ಕದ ಬೀಳು ನೆಲ ಪಡೆದು, ಗಂಡ ಹೆಂಡತಿ ಎರಡು ವರ್ಷ ಕಲ್ಲು ಹೊತ್ತು ಗದ್ದೆ ಮಾಡಿದರು, ಭತ್ತ ನಾಟಿ ಮಾಡಿದರು.

ಆಗ ನಾರೆಪ್ಪನಿಗೆ ಭಯ ಹತ್ತಿತು. ಮಗನಿಗೆ ನೀರು ಬಿಟ್ಟರೆ ಜನ ಏನಂದಾರು? ಯಾರೂ ಏನೂ ಅಂದಿರಲಿಲ್ಲ. ಆದರೂ ಪಾಳಿ ಬಂದಾಗ ಮಗನ ಗದ್ದೆ ದಾಟಿ ಮುಂದಿನವರಿಗೆ ನೀರು ಬಿಟ್ಟ. ಒಂದು ಪಾಳಿ, ಎರಡು ಪಾಳಿ, ಮೂರು ಪಾಳಿ. ಕೆರೆ ತುಂಬ ನೀರಿತ್ತು, ಪಿಳ್ಳಪ್ಪನ ಪೈರು ಒಣಗಿತು. ನಮ್ಮ ನೀರುಗಂಟಿ ಧರ್ಮರಾಯನಪ್ಪಾ ಅಂತ ಊರು ಹೊಗಳಿತು. ಆ ಹೊಗಳಿಕೆ ಮುದುಕನಿಗೆ ರುಚಿಸಿತು ಅಂತಾರೆ.

ಪಿಳ್ಳಪ್ಪ ಒಣಗಿದ ಪೈರು ಕಿತ್ತು ತಂದು ಅಪ್ಪನ ಮುಂದಿಟ್ಟ.

"ನಾನೂ ಈ ಊರೋನೇ ಅಲ್ವೇನಪ್ಪಾ? ನಿನ್ನ ಹೆಸ್ರು ಉಳಿಸ್ಕೊಳ್ಳೋಕೆ ನನ್ನ ಪೈರು ಒಣಗಿಸ್ದೆಯಲ್ಲ!"

ನಾರೆಪ್ಪ ಮೂರು ದಿನ ಅನ್ನ ಮುಟ್ಟಲಿಲ್ಲವಂತೆ. ನಾಲ್ಕನೆಯ ದಿನ ಊರನ್ನು ಸೇರಿಸಿದ. ನ್ಯಾಯವಂತ ಅನ್ನಿಸಿಕೊಳ್ಳುವ ಆಸೆಗೆ ಅನ್ಯಾಯ ಮಾಡಿದೆ, ನನ್ನ ಮನೆಯವರ ಪಾಲಿನ ನೀರಿಗೆ ನನ್ನ ಕೈ ಬೇಡ, ನೀವೇ ಬಿಡಿ ಅಂತ ಗುದ್ದಲಿ ಕೆಳಗಿಟ್ಟ. ಹೊಗಳಿದ ನಮಗೂ ಆ ತಪ್ಪಲ್ಲಿ ಪಾಲುಂಟು ಅನ್ನುತ್ತ, ಎಲ್ಲರಿಗಿಂತ ಹಿರಿಯಳಾದ ಗುಳ್ಳಮ್ಮ ಎದ್ದು ಆ ಗುದ್ದಲಿ ಎತ್ತಿಕೊಂಡಳಂತೆ.

ಈಗ ಆ ಊರಲ್ಲಿ ನೀರುಗಂಟಿಗೂ ಗದ್ದೆಯುಂಟು. ಅವನ ಪಾಳಿಯ ದಿನ ಅವನು ಏರಿಯ ಮೇಲೆ ಸುಮ್ಮನೆ ಕೂರಬೇಕು. ಊರವರೇ ಹೋಗಿ ಬದು ಕಡಿದು, ಗದ್ದೆ ತುಂಬಿದ ಮೇಲೆ ಕೆರೆಯ ಕಡೆಗೆ ತಿರುಗಿ ಕೂಗುತ್ತಾರೆ: "ನಾರೆಪ್ಪಾ, ನಿನ್ನ ಮಗನ ಗದ್ದೆ ತುಂಬ್ತು ಕಣಪ್ಪೋ!"