ಉಪ್ಪು ಹೊತ್ತ ತೇಜಿಯೂ ಹೊಳೆಯಾಚೆಯ ಹುಲ್ಲುಗಾವಲೂ

ನಡುವೆ ಹೊಳೆ ಹರಿಯುವ ಒಂದು ದೊಡ್ಡ ಕಾಡಿನಲ್ಲಿ ಉಪ್ಪು ಹೊರುವ ಕುದುರೆಗಳಿದ್ದವು. ಉಪ್ಪುಮಣ್ಣು ಸಿಗುತ್ತಿದ್ದುದು ಬೆಟ್ಟದ ಬುಡದಲ್ಲಿ. ಹೆಚ್ಚಿನ ಪ್ರಾಣಿಗಳ ಮನೆಗಳೆಲ್ಲ ಬೆಟ್ಟದ ಮೇಲೆ. ಉಪ್ಪು ನೆಕ್ಕದಿದ್ದರೆ ಜಿಂಕೆಯ ಕೊಂಬು ಗಟ್ಟಿಯಾಗದು, ಕಾಡೆಮ್ಮೆಯ ಕೆಚ್ಚಲಿಗೆ ಹಾಲು ಇಳಿಯದು. ಅದಕ್ಕೆ ಕೋತಿಗಳು ಉಪ್ಪುಮಣ್ಣನ್ನು ಮುತ್ತುಗದ ಎಲೆಯಲ್ಲಿ ಮೂಟೆ ಕಟ್ಟಿ ಕುದುರೆಗಳ ಬೆನ್ನಿಗೆ ಹೇರುತ್ತಿದ್ದವು. ಕುದುರೆಗಳು ಕಡಿದಾದ ದಾರಿ ಹತ್ತಿ ಎಲ್ಲರ ಬಾಗಿಲಿಗೂ ಉಪ್ಪು ಮುಟ್ಟಿಸುತ್ತಿದ್ದವು.

ಕುದುರೆಗಳ ಉಸ್ತುವಾರಿ ನಯಗಾರ ಎಂಬ ನರಿಯದು. ಯಾವ ಕುದುರೆ ಎಷ್ಟು ಹೊರಬೇಕು, ಯಾವುದು ಯಾವಾಗ ಮರಿ ಹಾಕಬೇಕು, ಎಲ್ಲವೂ ಅದರ ಮಾತಿನಂತೆಯೇ ನಡೆಯಬೇಕು. "ಮರಿ ಹೆಚ್ಚಾದಷ್ಟೂ ಉಪ್ಪು ಹೆಚ್ಚು" ಎಂದು ಅದು ಎಲ್ಲರನ್ನೂ ಒಪ್ಪಿಸಿತ್ತು.

ಕುದುರೆಗೆ ವಯಸ್ಸಾಗಿ ಕಾಲು ಸೋತರೆ ನಯಗಾರ ಅದನ್ನು ಹೊಳೆ ದಾಟಿಸುತ್ತಿತ್ತು. "ಆಚೆ ದಡದಲ್ಲಿ ಒಂದು ಹುಲ್ಲುಗಾವಲಿದೆ. ಹೊಟ್ಟೆ ಮುಟ್ಟುವಷ್ಟು ಎತ್ತರದ ಹುಲ್ಲು. ದುಡಿದ ಜೀವ ಅಲ್ಲಿ ಹಾಯಾಗಿರಲಿ" ಎನ್ನುತ್ತಿತ್ತು. ಪ್ರಾಣಿಗಳು ಆ ಕುದುರೆಯ ಕೊರಳಿಗೆ ಹೂವಿನ ಬಳ್ಳಿ ಸುತ್ತಿ, ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದವು. ಆ ಹುಲ್ಲುಗಾವಲನ್ನು ಕಂಡವರು ಯಾರೂ ಇರಲಿಲ್ಲ. ಕೇಳಲಿಕ್ಕೆ ಹಿತವಾದ ಮಾತು ಅದು. ಹಾಗಾಗಿ ಯಾರೂ ಹೋಗಿ ನೋಡುವ ಗೊಡವೆಗೆ ಹೋಗಲಿಲ್ಲ.

ಆ ಕುದುರೆಗಳಲ್ಲಿ ತೇಜಿ ಎಂಬುದೊಂದು ಹೆಣ್ಣು ಕುದುರೆ. ಬೆಟ್ಟದ ಮೇಲಿನ ಜಾಂಬವ್ವ ಎಂಬ ಕರಡಿಗೂ ತೇಜಿಗೂ ಬಹಳ ವರ್ಷದ ಗೆಳೆತನ. ಹಿಂದೆ ಒಂದು ಮಳೆಗಾಲದಲ್ಲಿ ಜಾಂಬವ್ವನ ಮರಿಗೆ ಜ್ವರ ಏರಿದಾಗ, ಜಾರುವ ಕೆಸರಿನಲ್ಲಿ ಅದನ್ನು ಬೆನ್ನ ಮೇಲೆ ಹೊತ್ತು ಔಷಧಿ ಕೊಡುವ ಮುಸುವಜ್ಜನ ಮರದ ಬುಡಕ್ಕೆ ಮುಟ್ಟಿಸಿದ್ದು ತೇಜಿಯೇ. ಮರಿ ಬದುಕಿತು. ಅಂದಿನಿಂದ ಕರಡಿಗೆ ತೇಜಿ ಒಡಹುಟ್ಟಿದವಳ ಹಾಗೆ.

ಒಂದು ಬೆಳಿಗ್ಗೆ ಉಪ್ಪು ಹೊತ್ತು ಬರುತ್ತಿದ್ದ ತೇಜಿಯ ಮೊಣಕಾಲು ಏರಿನಲ್ಲಿ ಮಡಚಿಕೊಂಡಿತು. ತೇಜಿ ಮುಗ್ಗರಿಸಿ ಬಿತ್ತು. ಮೂಟೆ ಒಡೆದು ಉಪ್ಪುಮಣ್ಣು ದಾರಿಯ ತುಂಬ ಚೆಲ್ಲಿತು. ಸದ್ದು ಕೇಳಿ ಜಾಂಬವ್ವ ಓಡಿ ಬಂದಾಗ ತೇಜಿ ಬಿದ್ದಲ್ಲಿಂದಲೇ ಕತ್ತು ಚಾಚಿ, ತುಟಿಯಲ್ಲಿ ಉಪ್ಪನ್ನು ಒಟ್ಟು ಮಾಡುತ್ತಿತ್ತು.

"ಬಿಡೇ ತೇಜಿ! ಮೊದಲು ನಿನ್ನ ಕಾಲು ತೋರಿಸು" ಎಂದಿತು ಜಾಂಬವ್ವ.

"ಕಾಡೆಮ್ಮೆ ಕೋಡಣ್ಣನ ಮನೆಯಲ್ಲಿ ಬಾಣಂತಿ ಇದ್ದಾಳೆ ಕಣೇ. ಅವಳಿಗೆ ಬೇಕಿತ್ತು ಇದು" ಎಂದಿತು ತೇಜಿ.

ಸಂಜೆಯೊಳಗೆ ಸುದ್ದಿ ನಯಗಾರನಿಗೆ ಮುಟ್ಟಿತು. ಮಾರನೆಯ ದಿನವೇ ಅದು ಬಂದು ನಯವಾಗಿ ಹೇಳಿತು. "ತೇಜವ್ವಾ, ಇಷ್ಟು ದಿನ ಹೊತ್ತಿದ್ದು ಸಾಕು. ಇನ್ನು ನೀನು ಹುಲ್ಲುಗಾವಲಿಗೆ ನಡೆ. ಸುಖವಾಗಿರು."

ತೇಜಿಯ ಕಿವಿ ನೆಟ್ಟಗಾಯಿತು. "ಹೌದಾ ನಯಗಾರಪ್ಪಾ? ನಾನು ಚಿಕ್ಕವಳಿದ್ದಾಗ ನಮ್ಮವ್ವನನ್ನೂ ಅಲ್ಲಿಗೇ ಕರಕೊಂಡು ಹೋದರು. ಈಗ ಮುದುಕಿಯಾಗಿರ್ತಾಳೆ. ನನ್ನ ಗುರುತು ಹಿಡೀತಾಳಾ?"

ನಯಗಾರ ಬೇರೆ ಕಡೆ ನೋಡುತ್ತ, "ಹಿಡೀತಾಳೆ, ಹಿಡೀತಾಳೆ. ತಾಯಲ್ಲವಾ!" ಎಂದಿತು.

ಜಾಂಬವ್ವ ತಾನೂ ಬರುತ್ತೇನೆಂದು ಹಟ ಮಾಡಿತು. ನಯಗಾರ ಒಪ್ಪಲಿಲ್ಲ. "ಹಳೆಯವರು ಎದುರಿಗಿದ್ದರೆ ಹೊಸ ಜಾಗದಲ್ಲಿ ಮನಸ್ಸು ನಿಲ್ಲೋದಿಲ್ಲ. ನೀನು ಇಲ್ಲೇ ಕಳಿಸಿಕೊಡು" ಎಂದಿತು. ಎಲ್ಲರೂ ಹೂವಿನ ಬಳ್ಳಿ ಸುತ್ತಿದರು. ತೇಜಿ ಕುಂಟುತ್ತಲೇ, ಆದರೆ ಖುಷಿಯಿಂದ ನರಿಯ ಹಿಂದೆ ಹೊರಟಿತು.

ಮನೆಗೆ ಬಂದ ಜಾಂಬವ್ವ ಮೂಲೆಯಲ್ಲಿದ್ದ ಜೇನುರೊಟ್ಟನ್ನು ನೋಡಿ ಹಣೆ ಚಚ್ಚಿಕೊಂಡಿತು. ತೇಜಿಗೆ ದಾರಿಬುತ್ತಿಗೆಂದು ಇಳಿಸಿಟ್ಟಿದ್ದ ಜೇನು ಅದು. ಅಳುವ ಗಡಿಬಿಡಿಯಲ್ಲಿ ಕೊಡುವುದೇ ಮರೆತಿತ್ತು. 'ಬೈದರೆ ಬೈಯಲಿ ನರಿ' ಎಂದುಕೊಂಡು ರೊಟ್ಟನ್ನು ಬಾಯಲ್ಲಿ ಕಚ್ಚಿ ಹೊಳೆಯತ್ತ ಓಡಿತು. ಈಜಿ ಆಚೆ ದಡ ಹತ್ತಿತು.

ಅಲ್ಲಿ ಹುಲ್ಲಿರಲಿಲ್ಲ. ಬರೀ ಬಂಡೆ, ಮುಳ್ಳುಕಂಟಿ. ಬಂಡೆಗಳ ಸಂದಿಯಲ್ಲಿ ಬಿಸಿಲಿಗೆ ಬೆಳ್ಳಗಾದ ಎಲುಬುಗಳು, ಸವೆದ ಗೊರಸುಗಳು. ಅವುಗಳ ನಡುವೆ ತೇಜಿ ಒಂಟಿಯಾಗಿ ನಿಂತು, "ಅವ್ವಾ! ಅವ್ವಾ!" ಎಂದು ಕೂಗುತ್ತಿತ್ತು. ಮುಳ್ಳುಕಂಟಿಯ ಹಿಂದಿನಿಂದ ಕತ್ತೆಕಿರುಬಗಳು ಒಂದೊಂದಾಗಿ ಹೊರಗೆ ಬರುತ್ತಿದ್ದವು.

ಜಾಂಬವ್ವನ ಬಾಯಿಂದ ಜೇನುರೊಟ್ಟು ಬಿತ್ತು. ಅದು ಎರಡು ಕಾಲ ಮೇಲೆ ಎದ್ದು ನಿಂತು ಬಂಡೆಗಳು ಮಾರ್ದನಿಸುವಂತೆ ಗರ್ಜಿಸಿತು. ಅದನ್ನು ಕಂಡದ್ದೇ, ಬಂಡೆಯ ಮರೆಯಲ್ಲಿ ನಿಂತಿದ್ದ ನಯಗಾರ ನೀರಿಗೆ ಹಾರಿ ಪರಾರಿಯಾಯಿತು. ಕತ್ತೆಕಿರುಬಗಳು ಹಿಂದೆ ಸರಿದವು. ಅವುಗಳ ಹಿರಿಯ ದೂರದಿಂದಲೇ ಹೇಳಿತು. "ನಮ್ಮ ಮೇಲೆ ಯಾಕಮ್ಮಾ ಸಿಟ್ಟು? ನಾವು ಕದ್ದು ತಂದವರಲ್ಲ. ನಿಮ್ಮ ನರಿಯೇ ಕರಕೊಂಡು ಬಂದು ಕೊಡ್ತಾನೆ. ಅವನ ಪಾಲು ಅವನು ಕಚ್ಚಿಕೊಂಡು ಹೋಗ್ತಾನೆ. ನಮಗೂ ಹೊಟ್ಟೆ ಇದೆ."

ಜಾಂಬವ್ವ ತೇಜಿಯ ಸೋತ ಕಾಲಿನ ಕಡೆ ತನ್ನ ಹೆಗಲು ಕೊಟ್ಟು ಹೊಳೆ ದಾಟಿಸಿತು. ಈಚೆ ದಡಕ್ಕೆ ಬಂದ ಮೇಲೆ ತೇಜಿ ಮೆಲ್ಲಗೆ, "ಅವ್ವನೂ ಹೀಗೇ ನಂಬಿಕೊಂಡು ಹೋಗಿರ್ತಾಳೆ ಅಲ್ವೇನೇ?" ಎಂದಿತು. ಜಾಂಬವ್ವ ಅದರ ಒದ್ದೆ ಜೂಲನ್ನು ನೆಕ್ಕಿ ಒಣಗಿಸಿತು.

ಮಾರನೆಯ ಬೆಳಿಗ್ಗೆ ಆಲದ ಮರದ ಕೆಳಗೆ ಸಭೆ ಸೇರಿತು. ಕಾಡಿಗೆ ಹಿರಿಯಳಾದ ದೊಡ್ಡವ್ವ ಎಂಬ ಆನೆ ನಡುವೆ ನಿಂತಿತು. ಕಂಡದ್ದನ್ನೆಲ್ಲ ಜಾಂಬವ್ವ ಹೇಳಿತು. "ನಯಗಾರಾ, ಇದು ನಿಜವಾ?" ಎಂದು ದೊಡ್ಡವ್ವ ಕೇಳಿತು.

ನರಿ ಮುಚ್ಚಿಡಲಿಲ್ಲ. ಎದೆ ಸೆಟೆಸಿ ನಿಂತಿತು. "ನಿಜ. ಅದರಲ್ಲಿ ತಪ್ಪೇನು? ಬೇಸಿಗೆಯಲ್ಲಿ ಈ ಬೆಟ್ಟದಲ್ಲಿ ಹುಲ್ಲೆಷ್ಟು ಉಳಿಯುತ್ತೆ ನಿಮಗೇ ಗೊತ್ತು. ದುಡಿಯದ ಕುದುರೆಯೂ ದುಡಿಯುವ ಕುದುರೆಯಷ್ಟೇ ತಿನ್ನುತ್ತೆ. ಅದನ್ನು ಇಟ್ಟುಕೊಂಡರೆ ನಿಮ್ಮ ಕರುಗಳಿಗೆ ಮೇವು ಕಡಿಮೆ. ಬಿಟ್ಟರೆ ಅದು ನೋವು ತಿಂದು, ಹಸಿದು ಸಾಯುತ್ತೆ. ಅದು ಕರುಣೆಯಾ? ಇಷ್ಟು ವರ್ಷ ಉಪ್ಪು ನೆಕ್ಕಿದಿರಿ. ಮುದಿ ಕುದುರೆ ಎಲ್ಲಿ ಹೋಯಿತು ಅಂತ ಒಬ್ಬರಾದರೂ ಕೇಳಿದ್ರಾ?"

ಕೋಡಣ್ಣ ಮುಂದೆ ಬಂದು, "ಹುಲ್ಲಿನ ಮಾತು ಸುಳ್ಳಲ್ಲ. ಹೋದ ಬೇಸಿಗೆಯಲ್ಲಿ ನನ್ನ ಕರುಗಳು ಸೊರಗಿ ಹೋದವು" ಎಂದಿತು.

"ಇನ್ನು ಮೇಲೆ ಯಾವ ಕುದುರೆಯನ್ನೂ ಹೊಳೆ ದಾಟಿಸಬಾರದು ಅಂತ ಕಟ್ಟಳೆ ಮಾಡಿ" ಎಂದು ಜಿಂಕೆಗಳು ಕೂಗಿದವು.

ಮರದ ಮೇಲಿಂದ ಮುಸುವಜ್ಜ ತಲೆಯಾಡಿಸಿತು. "ಅಷ್ಟೇ ಮಾಡಿದರೆ ಇವನು ಮೇಲಿನ ಕಾಡಿನಿಂದ ಸುತ್ತಿಕೊಂಡು ದಾಟಿಸ್ತಾನೆ. ದಾರಿ ದೂರವಾಗುತ್ತೆ, ಕುದುರೆಯ ಗೋಳು ಹೆಚ್ಚಾಗುತ್ತೆ. ಹುಲ್ಲಿಗೆ ಮೀರಿ ಮರಿ ಹಾಕಿಸಿದವರು ಯಾರು? ಆಸೆಗೆ ಬಿದ್ದು ತಲೆಯಾಡಿಸಿದವರು ಯಾರು? ಅದನ್ನು ಮೊದಲು ಯೋಚನೆ ಮಾಡಿ."

ದೊಡ್ಡವ್ವ ತೇಜಿಯತ್ತ ತಿರುಗಿತು. "ನೀನೇನು ಹೇಳ್ತೀಯಮ್ಮಾ?"

ತೇಜಿ ಕುಂಟುತ್ತ ಮುಂದೆ ಬಂತು. "ಸಾವು ಎಲ್ಲರಿಗೂ ಬರುತ್ತೆ ದೊಡ್ಡವ್ವಾ. ಅದಕ್ಕೆ ನಾನು ಹೆದರಲಿಲ್ಲ. ಆದರೆ ನಿನ್ನೆ ದಾರಿಯುದ್ದಕ್ಕೂ ಅವ್ವನಿಗೆ ಏನೇನು ಹೇಳಬೇಕು ಅಂತ ಯೋಚಿಸುತ್ತಾ ಹೋದೆ. ಅಷ್ಟು ಆಸೆ ತೋರಿಸಬಾರದಿತ್ತು."

ಕೆಲವರು ತಲೆ ತಗ್ಗಿಸಿದರು. ಸಭೆ ತನ್ನ ಕೈಜಾರುತ್ತಿದೆ ಎಂದು ನಯಗಾರನಿಗೆ ತಿಳಿಯಿತು. ಅದು ಥಟ್ಟನೆ ಹೇಳಿತು. "ಸರಿ, ಸುಳ್ಳು ಬೇಡ. ಎಲ್ಲರಿಗೂ ಗೊತ್ತಿರುವಂತೆ ಒಂದು ಕಟ್ಟಳೆ ಮಾಡೋಣ. ಯಾರು ದುಡಿಯಲಾರರೋ, ಯಾರು ಕೂತು ತಿನ್ನುತ್ತಾರೋ, ಅವರು ಕಾಡಿಗೆ ಭಾರ, ಹೊಳೆ ದಾಟಬೇಕು. ಅಂಥವರನ್ನು ಆರಿಸುವ ಕೆಲಸ ನನಗೇ ಇರಲಿ."

"ಇದು ಕುದುರೆಗಳಿಗೆ ಮಾತ್ರವಾ, ಎಲ್ಲರಿಗೂನಾ?" ಎಂದಿತು ದೊಡ್ಡವ್ವ.

"ಕಟ್ಟಳೆ ಅಂದ ಮೇಲೆ ಎಲ್ಲರಿಗೂ ಒಂದೇ!" ಎಂದು ನರಿ ಗತ್ತಿನಿಂದ ಹೇಳಿತು.

"ಹಾಗಿದ್ದರೆ ಒಪ್ಪುವವರು ಬಲಕ್ಕೆ ನಿಲ್ಲಿ, ಒಪ್ಪದವರು ಎಡಕ್ಕೆ ನಿಲ್ಲಿ" ಎಂದಿತು ದೊಡ್ಡವ್ವ. ಹುಲ್ಲಿನ ಚಿಂತೆ ಇದ್ದ ಬಹಳ ಪ್ರಾಣಿಗಳು ಮುಖ ಮುಖ ನೋಡಿಕೊಂಡು, ಮನಸ್ಸಿಲ್ಲದ ಮನಸ್ಸಿನಿಂದ ಬಲಕ್ಕೆ ಸರಿದವು. ಕೋಡಣ್ಣನೂ ಬಲಕ್ಕೆ ಹೋಯಿತು. ಜಾಂಬವ್ವ ಎಡಕ್ಕೆ ನಿಂತು ಅಳತೊಡಗಿತು.

ಆಗ ಸಭೆಯ ಹಿಂದಿನಿಂದ ಒಂದು ಮುದಿ ನರಿ ಎದ್ದಿತು. ಅದು ನಯಗಾರನ ತಾಯಿ. ಹಲ್ಲು ಉದುರಿದ್ದವು, ಕಣ್ಣು ಮಂಜಾಗಿತ್ತು. ಅದು ಬಲಕ್ಕೂ ಹೋಗಲಿಲ್ಲ, ಎಡಕ್ಕೂ ಹೋಗಲಿಲ್ಲ. ನೆಲ ಮೂಸಿಕೊಂಡು ಹೊಳೆಯ ದಾರಿ ಹಿಡಿಯಿತು.

ನಯಗಾರ ಓಡಿ ಹೋಗಿ ಅಡ್ಡ ನಿಂತಿತು. "ಅವ್ವಾ, ಎಲ್ಲಿಗೆ ಹೊರಟೆ?"

"ಹೊಳೆಯಾಚೆಗೆ ಮಗಾ."

"ನಿನಗ್ಯಾಕೆ ಅಲ್ಲಿಗೆ ಹೋಗೋದು?"

"ಬೇಟೆಯಾಡಿ ಎಷ್ಟು ಕಾಲವಾಯಿತೋ ನನಗೇ ನೆನಪಿಲ್ಲ. ನೀನು ಅಗಿದು ಕೊಟ್ಟಿದ್ದನ್ನು ಕೂತು ತಿಂತೀನಿ. ಕಾಡಿಗೆ ಭಾರ ಅಂದರೆ ನಾನೇ ಅಲ್ಲವಾ? ನೀನು ಆರಿಸೋ ತೊಂದರೆ ಯಾಕೆ, ನಾನೇ ಹೋಗ್ತೀನಿ. ನೀನು ತಂದುಕೊಡೋ ಮಾಂಸ ಎಲ್ಲಿಂದ ಬರುತ್ತೆ ಅಂತ ನಾನೂ ಕೇಳಲಿಲ್ಲ. ಇವತ್ತು ಗೊತ್ತಾಯಿತು. ಅದು ಇನ್ನು ನನ್ನ ಗಂಟಲಲ್ಲಿ ಇಳಿಯೋದಿಲ್ಲ ಮಗಾ."

"ನೀನು ಭಾರ ಅಂತ ನಾನು ಯಾವತ್ತಾದರೂ ಅಂದೆನಾ ಅವ್ವಾ? ನೀನು ನನ್ನನ್ನು ಸಾಕಿದವಳು!"

"ಆ ಕುದುರೆ ಈ ಕಾಡನ್ನೇ ಸಾಕಲಿಲ್ಲವೇನೋ?"

ಯಾವ ಸಭೆಯಲ್ಲೂ ಮಾತು ಸೋಲದ ನರಿ ತಾಯಿಯ ಕಾಲ ಬಳಿ ಕುಸಿದು ಕೂತು, ಮರಿಯ ಹಾಗೆ ಅತ್ತಿತು.

ಬಲಗಡೆ ನಿಂತವರು ಅದನ್ನು ನೋಡುತ್ತಿದ್ದರು. ಕೋಡಣ್ಣನ ಕಣ್ಣು ನೆರಳಲ್ಲಿ ಮೆಲುಕು ಹಾಕುತ್ತ ಮಲಗಿದ್ದ ತನ್ನ ಮುದಿ ತಾಯಿಯ ಕಡೆ ಹೋಯಿತು. ಅದು ಸದ್ದಿಲ್ಲದೆ ಎಡಕ್ಕೆ ನಡೆಯಿತು. ಅದರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ನಡೆದರು. ಬಲಗಡೆ ಬರೀ ಹೆಜ್ಜೆ ಗುರುತು ಉಳಿಯಿತು.

"ಈ ನರಿಯನ್ನು ಕಾಡಿನಿಂದ ಓಡಿಸಿ!" ಎಂದು ಕೆಲವರು ಕೂಗಿದರು.

ಬೇಡವೆಂದದ್ದು ತೇಜಿ. "ಅವನನ್ನು ಓಡಿಸಿದರೆ ಈ ಮುದುಕಿಗೆ ಅಗಿದು ಕೊಡೋರು ಯಾರು?"

ದೊಡ್ಡವ್ವ ಮುಸುವಜ್ಜನನ್ನು ಪಕ್ಕಕ್ಕೆ ಕರೆದು ಕೇಳಿತು. ಆಮೇಲೆ ಹೇಳಿತು. "ಇನ್ನು ಮೇಲೆ ಕಾಡಿನಲ್ಲಿ ಹುಲ್ಲು ಎಷ್ಟಿದೆಯೋ ಅಷ್ಟೇ ಕುದುರೆ ಮರಿ. ಆಸೆಗೆ ಬಿದ್ದು ಹೆಚ್ಚು ಹಾಕಿಸಬಾರದು. ಕಾಲು ನೊಂದ ಕುದುರೆಗೆ ಮೂಟೆ ಹೇರಬಾರದು. ಯಾರ ಮನೆಗೆ ಉಪ್ಪು ಮುಟ್ಟಿದೆಯೋ ಆ ಮನೆಯಿಂದ ಮುದಿ ಕುದುರೆಗೆ ಒಂದೊಂದು ಹೊರೆ ಹುಲ್ಲು ಹೋಗಬೇಕು. ಕುದುರೆ ತನ್ನ ಮರದ ನೆರಳಲ್ಲೇ, ತನ್ನವರ ನಡುವೆಯೇ ಕಣ್ಣು ಮುಚ್ಚಲಿ. ಉಸಿರು ನಿಂತ ಮೇಲೆ ಕತ್ತೆಕಿರುಬಗಳು ಬರಲಿ. ಅವಕ್ಕೂ ಹೊಟ್ಟೆ ಇದೆ, ಅದು ತಪ್ಪಲ್ಲ. ನಯಗಾರನಿಗೆ ಇನ್ನು ಉಸ್ತುವಾರಿ ಇಲ್ಲ. ಮನೆ ಮನೆಯಿಂದ ಆ ಹುಲ್ಲನ್ನು ಹೊತ್ತು ತರುವ ಕೆಲಸ ಅವನದು."

ಹುಟ್ಟಿದಾಗಿನಿಂದ ಬರೀ ಹೊರಿಸಿದ್ದ ನರಿ ಅಂದು ಮೊದಲ ಬಾರಿಗೆ ಹೊತ್ತಿತು. ಬೆನ್ನ ಮೇಲಿನ ಹುಲ್ಲಿನ ಹೊರೆ ಅತ್ತ ವಾಲಿತು, ಇತ್ತ ಜಾರಿತು. ಏರು ಹತ್ತುವಾಗ ನಾಲಿಗೆ ಹೊರಬಿತ್ತು. ಕೋತಿಗಳು ಕೊಂಬೆ ಕೊಂಬೆಯಲ್ಲಿ ಕೂತು ನಕ್ಕವು. ತೇಜಿ ನಗಲಿಲ್ಲ.

"ಸೊಂಟದ ಮೇಲೆ ಬೇಡಪ್ಪಾ, ಹೆಗಲ ಹತ್ತಿರ ಇರಲಿ. ಏರಿನಲ್ಲಿ ತಲೆ ತಗ್ಗಿಸಿ ನಡಿ, ಉಸಿರು ಹಿಡಿಯೋದಿಲ್ಲ" ಎಂದು ಹೇಳಿಕೊಟ್ಟಿತು. ನಯಗಾರನಿಗೆ ತಲೆ ಎತ್ತಲಾಗಲಿಲ್ಲ. ಅದರ ಬೆನ್ನು ಉಜ್ಜಿ ಗಾಯವಾದಾಗ ಯಾವ ಸೊಪ್ಪು ಹಚ್ಚಬೇಕೆಂದು ಹೇಳಿದ್ದೂ ತೇಜಿಯೇ.

ತೇಜಿ ಆ ಬೇಸಿಗೆಯನ್ನು ಕಳೆಯಿತು. ಮಳೆಗಾಲವನ್ನೂ ಕಂಡಿತು. ಏರಲಾರದಿದ್ದರೂ ಚಿಕ್ಕ ಕುದುರೆಗಳಿಗೆ ಜಾರುವ ಕಲ್ಲು ಯಾವುದು, ಗಟ್ಟಿ ಕಲ್ಲು ಯಾವುದು ಎಂದು ತೋರಿಸುತ್ತಿತ್ತು. ಮಧ್ಯಾಹ್ನ ಜಾಂಬವ್ವ ಬಂದು ಪಕ್ಕದಲ್ಲಿ ಮಲಗುತ್ತಿತ್ತು. ಇಬ್ಬರೂ ಮಾತಾಡುತ್ತ ಆಡುತ್ತ ನಿದ್ದೆ ಹೋಗುತ್ತಿದ್ದರು.

ಚಳಿ ಶುರುವಾದ ಮೇಲೆ ಒಂದು ದಿನ, ಎಳೆ ಬಿಸಿಲಿನಲ್ಲಿ, ಜಾಂಬವ್ವನ ಮಡಿಲಲ್ಲಿ ಮೂತಿ ಇಟ್ಟುಕೊಂಡೇ ತೇಜಿ ಉಸಿರು ಬಿಟ್ಟಿತು. ಹುಲ್ಲು ತಂದಿದ್ದ ನಯಗಾರ ಹೊರೆ ಇಳಿಸುವುದನ್ನೂ ಮರೆತು ಅದರ ಗೊರಸಿನ ಬಳಿ ಕೂತಿತು. ಬೆಟ್ಟದ ಮೇಲಿನವರೆಲ್ಲ ಇಳಿದು ಬಂದರು. ಅಂದು ಯಾರೂ ಉಪ್ಪು ಕೇಳಲಿಲ್ಲ.

ಸಂಜೆಯ ಹೊತ್ತಿಗೆ ಕತ್ತೆಕಿರುಬಗಳು ಹೊಳೆ ದಾಟಿ ಬಂದವು. ಜಾಂಬವ್ವ ಇನ್ನೂ ಎದ್ದಿರಲಿಲ್ಲ. ತೇಜಿಯ ಜೂಲಿನಲ್ಲಿ ಸಿಕ್ಕಿಕೊಂಡ ಎಲೆಗಳನ್ನು ಒಂದೊಂದಾಗಿ ಬಿಡಿಸುತ್ತಿತ್ತು. ಹಿರಿಯ ಕತ್ತೆಕಿರುಬ ದೂರದಲ್ಲೇ ನಿಂತಿತು. ತನ್ನವರನ್ನೂ ತಡೆದು ಕೂರಿಸಿತು.

"ನೀನು ಏಳುವ ತನಕ ನಾವು ಕಾಯ್ತೀವಿ ಜಾಂಬವ್ವಾ. ಅವಸರವಿಲ್ಲ" ಎಂದಿತು.

ನೀತಿ: ಯಾರ ಬೆನ್ನಿನಿಂದ ನಮ್ಮ ಬದುಕು ನಡೆಯಿತೋ, ಅವರ ಮುಪ್ಪು ನಮ್ಮ ಹೊಣೆ. ಇನ್ನೊಬ್ಬರನ್ನು 'ಭಾರ' ಎಂದು ಅಳೆಯುವ ಅಳತೆಗೋಲು ಒಂದು ದಿನ ನಮ್ಮ ಮನೆಯವರನ್ನೂ ಅಳೆಯುತ್ತದೆ.